ಬಂದು ಹೋಗುವ ಮಳೆಗೆ ಏನನ್ನೋಣ?

ಗೆಳೆಯರೇ,

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಹೋದ ಹಾಗೆ ಅದು ಮೂರು ನಾಲ್ಕಾಯಿತು. ಸ್ವಲ್ಪ ಉದ್ದವಾದರೆ ಬೇಸರ ಮಾಡಿಕೊಳ್ಳಬೇಡಿ.

ಹವಾಮಾನ ತಿಳಿಸುವ ಒಂದು ಮೊಬೈಲ್ ಆ್ಯಪ್‌ಗೆ ಇಂಗ್ಲಿಷಿನಿಂದ ಕನ್ನಡಕ್ಕೆ ಸಾಲುಗಳನ್ನು ತರುವ ಕೆಲಸ ನನ್ನದು. ಈಗ ಕೈಯಲ್ಲಿರುವುದು ಬೇಸಿಗೆಯ ವಾರದ ಮುನ್ನೋಟ. ಮೂಲದಲ್ಲಿ ಇರುವುದು ಇಷ್ಟೇ: ಶವರ್ಸ್, ಥಂಡರ್‌ಸ್ಟಾರ್ಮ್, ಏರಿಳಿಯುವ ಹ್ಯುಮಿಡಿಟಿ. ಮೂರೇ ಪದ. ಮೂರೂ ನನ್ನನ್ನು ಸತಾಯಿಸುತ್ತಿವೆ. ಅದರಲ್ಲೂ ಮೊದಲನೆಯದು.

ಶವರ್ಸ್ ಅಂದ ಕಡೆಯೆಲ್ಲ 'ತುಂತುರು ಮಳೆ' ಅಂತ ಬರೆಯುವ ರೂಢಿ ಇದೆ. ನಾನೂ ಎರಡು ಬೇಸಿಗೆ ಹಾಗೇ ಬರೆದೆ. ಒಂದು ಸಂಜೆ ನಾನೇ ಬರೆದ 'ತುಂತುರು ಮಳೆ'ಯನ್ನು ಫೋನಿನಲ್ಲಿ ನೋಡಿ, ತುಂತುರು ತಾನೇ ಅಂತ ಕೊಡೆ ಬಿಟ್ಟು ಹೊರಟೆ. ಹತ್ತು ನಿಮಿಷದಲ್ಲಿ ತೊಪ್ಪೆಯಾಗಿದ್ದೆ. ಇನ್ನು ಹತ್ತು ನಿಮಿಷಕ್ಕೆ ಬಿಸಿಲು ಬಂತು. ಮನೆಗೆ ಬಂದು ಇಂಗ್ಲಿಷ್ ಸಾಲು ನೋಡಿದರೆ ಅಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ತಪ್ಪು ಮುನ್ಸೂಚನೆಯದ್ದಲ್ಲ, ನನ್ನ ಕನ್ನಡದ್ದು.

ಆಮೇಲೆ ಕೂತು ಓದಿದೆ. ಹವಾಮಾನದವರಿಗೆ ಶವರ್ ಅಂದರೆ ಸಣ್ಣ ಮಳೆ ಅಲ್ಲ. ಎಷ್ಟು ಬಿತ್ತು ಅನ್ನುವುದಕ್ಕೂ ಆ ಹೆಸರಿಗೂ ಸಂಬಂಧವೇ ಇಲ್ಲ. ನೆಲ ಕಾದು, ಬಿಸಿ ಗಾಳಿ ಮೇಲೇರಿ, ರಾಶಿ ರಾಶಿಯಾಗಿ ಬೆಳೆಯುವ ಮೋಡದಿಂದ ಬೀಳುವ ಮಳೆ ಅದು. ತಟ್ಟನೆ ಶುರುವಾಗುತ್ತದೆ, ತಟ್ಟನೆ ನಿಲ್ಲುತ್ತದೆ, ನಡುವೆ ಜೋರು ಕಮ್ಮಿ ಆಗುತ್ತಲೇ ಇರುತ್ತದೆ. ಹನಿಗಳು ದಪ್ಪ ಇರಬಹುದು. ನಮ್ಮ ತುಂತುರು ಇದಕ್ಕೆ ಹೆಚ್ಚು ಕಡಿಮೆ ಎದುರಿನದು. ತುಂತುರಿಗೆ ಸಮನಾದ ಡ್ರಿಜಲ್‌ನ ಹನಿ ಅರ್ಧ ಮಿಲಿಮೀಟರಿಗಿಂತ ಸಣ್ಣದು. ಅದು ಬರುವುದು ಕೆಳಗೆ ಹಾಸಿದ ಹಾಗಿರುವ ಚಪ್ಪಟೆ ಮೋಡದಿಂದ. ದಿನವಿಡೀ ಬೀಳಬಹುದು, ಮೈ ಸರಿಯಾಗಿ ನೆನೆಯಲಿಕ್ಕೂ ಇಲ್ಲ. ತುಂತುರು ಅನ್ನುವುದು ಹನಿಯ ಗಾತ್ರದ ಹೆಸರು. ಶವರ್ ಅನ್ನುವುದು ಮಳೆಯ ನಡತೆಯ ಹೆಸರು. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದರೆ ಜನ ನೆನೆಯುತ್ತಾರೆ, ಅಷ್ಟೇ.

ಹಾಗಾದರೆ ಕನ್ನಡದಲ್ಲಿ ಆ ನಡತೆಗೆ ಹೆಸರಿಲ್ಲವೇ? ಮಳೆಗೆ ನಮ್ಮಲ್ಲಿ ಹೆಸರುಗಳಿಗೇನೂ ಬರವಿಲ್ಲ. ಸೋನೆ ಇದೆ, ಜಿಟಿಜಿಟಿ ಇದೆ, ಜಡಿಮಳೆ ಇದೆ. ಗಮನಿಸಿ, ಈ ಮೂರೂ ಬಿಡದೆ ಹಿಡಿಯುವ ಮಳೆಗಳು. ಜೋರಿನ ಕಡೆ ಬಂದರೆ ಸುರಿಮಳೆ, ಬಿರುಮಳೆ, ಧಾರಾಕಾರ ಮಳೆ, ಕುಂಭದ್ರೋಣ ಮಳೆ. ಇವೆಲ್ಲ ಎಷ್ಟು ಬಿತ್ತು, ಎಷ್ಟು ಬಿರುಸಾಗಿ ಬಿತ್ತು ಅನ್ನುವುದರ ಹೆಸರು. ಹಳೆಯ ಕಾವ್ಯಗಳಲ್ಲಿ ಬಾಣಗಳ 'ಸರಿವಳೆ' ಸಿಗುತ್ತದೆ. ನೋಡಿದ ಕೂಡಲೇ ಕಣ್ಣರಳಿತು. ಆದರೆ ಅದೂ ಎಡೆಬಿಡದೆ ಸುರಿಯುವುದೇ. ಅಲ್ಲದೆ ಇವತ್ತು 'ಸರಿಮಳೆ' ಅಂತ ಬರೆದರೆ, ತಪ್ಪು ಮಳೆ ಯಾವುದು ಅಂತ ಕೇಳಿಯಾರು.

ಬಂದು ಹೋಗುವ ಮಳೆಗೆ ಒಂದೇ ಪದದ ಹೆಸರು ನನಗಂತೂ ಸಿಗಲಿಲ್ಲ. ಒಂದು ವಾರ ಹುಡುಕಿದ ಮೇಲೆ, ಹುಡುಕುತ್ತಿರುವ ಜಾಗವೇ ತಪ್ಪು ಅನ್ನಿಸಿತು. ನಾವು ಮಾತಾಡುವುದನ್ನೇ ಕೇಳಿ ನೋಡಿ. 'ಮಳೆ ಹಿಡಿಯಿತು' ಅನ್ನುತ್ತೇವೆ. ಹಿಡಿದ ಮಳೆ ಸುಲಭಕ್ಕೆ ಬಿಡುವುದಲ್ಲ. ಬಿಟ್ಟಾಗ 'ಮಳೆ ಬಿಟ್ಟಿತು', ಕೆಲವು ಕಡೆ 'ಹೊಳವಾಯಿತು'. ಹತ್ತು ನಿಮಿಷ ಬಂದ ಮಳೆಗೆ ಯಾರೂ 'ಹಿಡಿಯಿತು' ಅನ್ನುವುದಿಲ್ಲ. ಅದಕ್ಕೆ 'ಹೊಡೆದು ಹೋಯಿತು', 'ಬಂದು ಹೋಯಿತು', 'ಸುರಿದು ನಿಂತಿತು'. ನಾಲ್ಕೇ ಹನಿ ಬಿದ್ದರೆ 'ಹನಿಯಿತು'. ಬರುತ್ತೇನೆ ಬರುತ್ತೇನೆ ಅಂತ ಮೋಡ ಕಟ್ಟಿ ಬಾರದೇ ಹೋದರೆ 'ಮಳೆ ಆಡಿಸುತ್ತಿದೆ'. ಶವರ್‌ನ ಅರ್ಥ ಕನ್ನಡದಲ್ಲಿ ಇದೆ, ಚೆನ್ನಾಗಿಯೇ ಇದೆ. ಅದು ಹೆಸರಿನಲ್ಲಿ ಇಲ್ಲ, ಕ್ರಿಯಾಪದದಲ್ಲಿ ಇದೆ. ಇಂಗ್ಲಿಷ್ ಒಂದು ನಾಮಪದ ಕೊಟ್ಟಿತು ಅಂತ ನಾನೂ ನಾಮಪದಕ್ಕೇ ಜೋತು ಬಿದ್ದದ್ದು ತಪ್ಪಾಯಿತು ಅಲ್ವಾ?

ಹಾಗಾಗಿ ವಾಕ್ಯವಿರುವ ಕಡೆ ಈಗ ಹೀಗೆ ಬರೆಯುತ್ತಿದ್ದೇನೆ: 'ಮಧ್ಯಾಹ್ನದ ಮೇಲೆ ಅಲ್ಲಲ್ಲಿ ಮಳೆ ಬಂದು ಹೋಗಬಹುದು.' ಇದರಲ್ಲಿ 'ಅಲ್ಲಲ್ಲಿ'ಯನ್ನು ಬೇಕೆಂದೇ ಇಟ್ಟಿದ್ದೇನೆ. 'ಅಲ್ಲಲ್ಲಿ' ಜಾಗದ ಮಾತು, 'ಆಗಾಗ' ಹೊತ್ತಿನ ಮಾತು. ಸ್ಕ್ಯಾಟರ್ಡ್ ಅನ್ನುವುದಕ್ಕೆ 'ಆಗಾಗ' ಅಂತ ಬರೆದ ಸಾಲುಗಳು ನಮ್ಮ ಹಳೆಯ ಕಡತದಲ್ಲಿ ಬೇಕಾದಷ್ಟಿವೆ. 'ಚದುರಿದ ಮಳೆ'ಯೂ ಇದೆ. ಮಳೆ ಏನು ಜನರ ಗುಂಪೇ, ಚದುರಲಿಕ್ಕೆ?

ಇನ್ನು ಥಂಡರ್‌ಸ್ಟಾರ್ಮ್. 'ಗುಡುಗು ಸಹಿತ ಮಳೆ' ಎಲ್ಲರಿಗೂ ಗೊತ್ತಿರುವ ಮಾತು. ಅದನ್ನು ಕಿತ್ತು ಹಾಕುವ ಧೈರ್ಯ ನನಗಿಲ್ಲ. ಆದರೂ ಒಂದು ತಕರಾರಿದೆ. ಆ ಮಾತಿನಲ್ಲಿ ಮಳೆ ಯಜಮಾನ, ಗುಡುಗು ಅದರ ಹಿಂದೆ ಬರುವ ನೆಂಟ. ಹವಾಮಾನ ವೀಕ್ಷಕರ ಲೆಕ್ಕ ತಿರುಗು ಮುರುಗು. ಗುಡುಗು ಕೇಳಿಸಿದರೆ ಥಂಡರ್‌ಸ್ಟಾರ್ಮ್ ಅಂತ ಬರೆದುಕೊಳ್ಳುತ್ತಾರೆ, ನೆಲಕ್ಕೆ ಒಂದು ಹನಿಯೂ ಬೀಳದಿದ್ದರೂ ಸರಿ. ಬೇಸಿಗೆಯಲ್ಲಿ ಇಂಥ ಒಣ ಗುಡುಗು ಅಪರೂಪವೇನಲ್ಲ. ಮೇಲಿಂದ ಹೊರಟ ಹನಿ ಒಣ ಗಾಳಿಯಲ್ಲಿ ದಾರಿಯಲ್ಲೇ ಆರಿಹೋಗುತ್ತದೆ. ಮಳೆ ಇಲ್ಲವಲ್ಲ ಅಂತ ಬಯಲಲ್ಲಿ ನಿಂತವನಿಗೆ ಸಿಡಿಲಿನ ಅಪಾಯ ತಪ್ಪಿದ್ದಲ್ಲ. ಅದಕ್ಕೇ ಎಚ್ಚರಿಕೆಯ ಸಾಲುಗಳಲ್ಲಿ 'ಗುಡುಗು ಸಿಡಿಲು ಇರಲಿದೆ, ಮಳೆಯೂ ಬರಬಹುದು' ಅಂತ ಮುರಿದು ಬರೆಯುತ್ತಿದ್ದೇನೆ. ನಿಮ್ಮ ಕಿವಿಗೆ ಹೇಗೆ ಕೇಳಿಸುತ್ತದೆ?

'ಚಂಡಮಾರುತ' ಅಂತ ಬರೆಯುವವರೂ ಇದ್ದಾರೆ. ಅದು ಪೂರ್ತಿ ತಪ್ಪು. ಚಂಡಮಾರುತ ನೂರಾರು ಕಿಲೋಮೀಟರ್ ಅಗಲ, ದಿನಗಟ್ಟಲೆ ಆಯಸ್ಸು. ಸಾಮಾನ್ಯ ಗುಡುಗು ಮೋಡ ಒಂದೊಂದೂ ಸುಮಾರು ಒಂದು ಗಂಟೆಯೊಳಗೆ ಹುಟ್ಟಿ, ಬೆಳೆದು, ಕರಗಿ ಹೋಗುತ್ತದೆ.

ಈ ವಿಷಯದಲ್ಲಿ ಇಂಗ್ಲಿಷಿಗಿಂತ ಕನ್ನಡವೇ ಮುಂದೆ ಇದೆ ಅನ್ನಿಸುವುದು ಮಿಂಚು, ಸಿಡಿಲಿನ ಹತ್ತಿರ ಬಂದಾಗ. ಅವರಿಗೆ ಎರಡಕ್ಕೂ ಲೈಟ್ನಿಂಗ್ ಒಂದೇ. ನಮಗೆ ಕಣ್ಣಿಗೆ ಕಾಣುವುದು ಮಿಂಚು, ಬಂದು ಬಡಿಯುವುದು ಸಿಡಿಲು, ಕಿವಿಗೆ ಬೀಳುವುದು ಗುಡುಗು. ಹೆಚ್ಚಿನ ಮಿಂಚು ಮೋಡದೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತದೆ. ನೆಲಕ್ಕೆ ಇಳಿಯುವುದು ಕಡಿಮೆ ಪಾಲು. ಆ ಪಾಲಿಗೆ ಬೇರೆ ಹೆಸರಿಟ್ಟವರು ನಮ್ಮ ಹಿರಿಯರು. ಕ್ರಿಯಾಪದಗಳನ್ನೂ ನೋಡಿ. ಮಿಂಚುವುದು ಮಿಂಚು, ಗುಡುಗುವುದು ಗುಡುಗು. ಹೆಸರೂ ಕೆಲಸವೂ ಒಂದೇ ರೂಪ. ಸಿಡಿಲು ಮಾತ್ರ 'ಸಿಡಿ'ಯಿಂದ ಬಂದದ್ದು. ಅದು ಬಡಿಯುತ್ತದೆ, ಎರಗುತ್ತದೆ, ಹೊಡೆಯುತ್ತದೆ. 'ಮಿಂಚು ಬಡಿದು ಮರ ಸುಟ್ಟಿತು' ಅಂತ ಇತ್ತೀಚೆಗೆ ಎಲ್ಲೋ ಓದಿದೆ. ಅನುವಾದದ ವಾಸನೆ ಮೂಗಿಗೇ ಬಡಿಯಿತು.

ಸುಮ್ನೆ ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಮಿಂಚಿನ ದಾರಿಯ ಗಾಳಿ ಕ್ಷಣ ಮಾತ್ರದಲ್ಲಿ 30,000 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯುತ್ತದೆ. ಅಷ್ಟು ಬೇಗ ಕಾದ ಗಾಳಿ ಸಿಡಿದ ಹಾಗೆ ಹಿಗ್ಗುತ್ತದೆ. ಆ ಹಿಗ್ಗಿದ ಸದ್ದೇ ಗುಡುಗು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದರೆ, ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಇದನ್ನು ಆ್ಯಪ್‌ನಲ್ಲೂ ಒಂದು ಸಾಲಾಗಿ ಹಾಕಿ ಅಂತ ಕೇಳಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಮೂರನೆಯದು ಹ್ಯುಮಿಡಿಟಿ. ಇದಕ್ಕೆ 'ತೇವಾಂಶ' ಮತ್ತು 'ಆರ್ದ್ರತೆ' ಎರಡೂ ಓಡಾಡುತ್ತಿವೆ. ಒಬ್ಬರೇ ಬರೆದ ಒಂದೇ ಪ್ಯಾರಾದಲ್ಲಿ ಎರಡೂ ಇರುತ್ತವೆ. ನನಗೆ ಇವು ಒಂದೇ ಅನ್ನಿಸುವುದಿಲ್ಲ. ಯಾಕೆ ಅಂತ ಒಂದು ಲೆಕ್ಕದಲ್ಲೇ ಹೇಳುತ್ತೇನೆ.

ಬೆಳಗಿನ ಜಾವ 24 ಡಿಗ್ರಿ ಇದೆ, ಹ್ಯುಮಿಡಿಟಿ ಶೇ 85 ಅಂದುಕೊಳ್ಳಿ. ಮಧ್ಯಾಹ್ನ 34 ಡಿಗ್ರಿ ಆಯಿತು. ಗಾಳಿಯಲ್ಲಿರುವ ನೀರಿನ ಆವಿ ಒಂದಿಷ್ಟೂ ಬದಲಾಗದೇ ಇದ್ದರೂ, ಆ ಅಂಕಿ ಸುಮಾರು ಶೇ 48ಕ್ಕೆ ಇಳಿಯುತ್ತದೆ. ಯಾಕೆಂದರೆ ಅದು ಸಾಪೇಕ್ಷ ಲೆಕ್ಕ. ಆ ಬಿಸಿಯಲ್ಲಿ ಆವಿ ಹೆಚ್ಚೆಂದರೆ ಎಷ್ಟು ಇರಬಹುದೋ, ಅದರಲ್ಲಿ ಎಷ್ಟು ಪಾಲು ಇದೆ ಅನ್ನುವುದು. ಬಿಸಿ ಏರಿದ ಹಾಗೆ ಆ 'ಹೆಚ್ಚೆಂದರೆ' ಕೂಡ ಏರುತ್ತದೆ, ಒಂದೊಂದು ಡಿಗ್ರಿಗೆ ಶೇ 6-7ರಷ್ಟು. ಈಗ ಹೇಳಿ, 'ಮಧ್ಯಾಹ್ನ ಗಾಳಿಯ ತೇವಾಂಶ ಕಡಿಮೆಯಾಗಲಿದೆ' ಅಂತ ಬರೆದರೆ ಅದು ನಿಜವೇ? ತೇವಾಂಶ ಅಂದರೆ ತೇವದ ಅಂಶ, ಅಂದರೆ ಎಷ್ಟು ನೀರಿದೆ ಅನ್ನುವುದು. ಅದು ಇದ್ದಷ್ಟೇ ಇದೆ. ಕಡಿಮೆಯಾದದ್ದು ಪಾಲು ಮಾತ್ರ. ಮಣ್ಣಿನ ತೇವಾಂಶ, ಕಾಳಿನ ತೇವಾಂಶ ಅನ್ನುವಾಗ ಆ ಪದ ಸರಿಯಾಗಿ ಕೂರುತ್ತದೆ. ಶೇಕಡಾ ಅಂಕಿಯ ಗಾಳಿಗೆ 'ಆರ್ದ್ರತೆ'ಯೇ ಇರಲಿ ಅನ್ನುವುದು ನನ್ನ ವಾದ. ಪದ ಸ್ವಲ್ಪ ಬಿಗಿ, ಒಪ್ಪಿದೆ. ಆದರೆ ಆರಿದ್ರಾ ಮಳೆ ಅಂತ ನಾವೆಲ್ಲ ಹೇಳುತ್ತೇವಲ್ಲ, ಅದೂ ಇದೇ 'ಆರ್ದ್ರ'ದ ಮನೆಯದ್ದೇ. ಅಷ್ಟೇನೂ ಹೊರಗಿನದಲ್ಲ.

ಮೈಗೆ ಆಗುವ ಅನುಭವಕ್ಕೆ ಮಾತ್ರ ಇವೆರಡೂ ಬೇಡ. ಅದಕ್ಕೆ 'ಸೆಕೆ' ಇದೆ. ಬಿಸಿಲಿಗೆ ಸೂರ್ಯ ಬೇಕು. ಝಳ ಮುಖಕ್ಕೆ ಹೊಡೆಯುವುದು, ಅದು ಒಣ. ಸೆಕೆಗೆ ಸೂರ್ಯ ಬೇಕಿಲ್ಲ, ನಡುರಾತ್ರಿಯಲ್ಲೂ ಇರುತ್ತದೆ. ಗಾಳಿಯಲ್ಲಿ ಆವಿ ಜಾಸ್ತಿ ಇದ್ದು ಬೆವರು ಆರದೇ ಇದ್ದರೆ ಅದೇ ಸೆಕೆ. ಈ 'ಆರು' ಅನ್ನುವ ಪದವೂ ನನಗೆ ಬಹಳ ಹಿಡಿಸಿತು. ಒದ್ದೆ ಬಟ್ಟೆ ಆರುತ್ತದೆ, ಬಿಸಿನೀರೂ ಆರುತ್ತದೆ. ಒಣಗುವುದಕ್ಕೂ ತಣಿಯುವುದಕ್ಕೂ ಒಂದೇ ಪದ. ಬೆವರಿನ ವಿಷಯದಲ್ಲಿ ಅವೆರಡೂ ಒಟ್ಟಿಗೇ ನಡೆಯುತ್ತವೆ, ಒಣಗುವುದರಿಂದಲೇ ಮೈ ತಣಿಯುವುದು. ಮಳೆ ಬಂದು ಹೋದ ಮೇಲೆ ಬಿಸಿಲು ಬಿದ್ದರೆ ಸೆಕೆ ಇನ್ನೂ ಜಾಸ್ತಿಯಾಗುತ್ತದಲ್ಲ, ಅದಕ್ಕೆ ಬೇರೆ ಹೆಸರು ನಿಮ್ಮಲ್ಲಿ ಯಾರಿಗಾದರೂ ಗೊತ್ತೇ?

'ಆಗಲಿದೆ' ಬಗ್ಗೆಯೂ ಒಂದು ಸಣ್ಣ ದೂರು. ಮುನ್ಸೂಚನೆಗಳಲ್ಲಿ 'ಮಳೆಯಾಗಲಿದೆ' ತುಂಬಿ ತುಳುಕುತ್ತಿದೆ. ಅದು ಖಚಿತದ ಮಾತು. ಮೂಲದಲ್ಲಿ ಇರುವುದು ಶೇ 40 ಸಾಧ್ಯತೆ. ನಮಗೆ 'ಬರಬಹುದು' ಇದೆ. ಇನ್ನೂ ಚಂದದ 'ಬಂದೀತು' ಇದೆ. ಆದರೆ 'ಮಳೆ ಬಂದೀತು' ಅಂದರೆ ಅದರಲ್ಲಿ ಸ್ವಲ್ಪ ಎಚ್ಚರಿಕೆಯೂ ಇರುತ್ತದೆ, ಬಟ್ಟೆ ಒಳಗೆ ತೆಗೆ ಅನ್ನುವ ಹಾಗೆ. ಆ್ಯಪ್‌ಗೆ ಅದು ಜಾಸ್ತಿ ಆಪ್ತವಾಯಿತೇನೋ. ಸದ್ಯಕ್ಕೆ 'ಬರಬಹುದು' ಇಟ್ಟಿದ್ದೇನೆ. 'ಶೇ 40ರಷ್ಟು ಮಳೆ' ಅನ್ನುವುದನ್ನಂತೂ ಅಳಿಸಿದ್ದೇನೆ. ಅದು ಎಷ್ಟು ಮಳೆ ಅನ್ನುವ ಲೆಕ್ಕದ ಹಾಗೆ ಕೇಳಿಸುತ್ತದೆ.

ಈಗ ನಿಜವಾದ ಕಷ್ಟಕ್ಕೆ ಬರುತ್ತೇನೆ. ವಾಕ್ಯಗಳೆಲ್ಲ ಹೇಗೋ ಸರಿಹೋದವು. ಆದರೆ ಮೋಡದ ಪುಟ್ಟ ಚಿತ್ರದ ಕೆಳಗೆ ಒಂದು ಹೆಸರು ಬೇಕು. ಜಾಗ ಹಿಡಿಸುವುದು ಒಂದು ಪದ, ಹೆಚ್ಚೆಂದರೆ ಎರಡು. 'ಮಳೆ ಬಂದು ಹೋಗಬಹುದು' ಅಲ್ಲಿ ಕೂರುವುದಿಲ್ಲ. ಕ್ರಿಯಾಪದವನ್ನೇ ಹೆಸರಿನೊಳಗೆ ಸೇರಿಸಲು ನೋಡಿದೆ. ಹಾದು ಹೋಗುವ ಮಳೆ ಅಂತ 'ಹಾಯ್‌ಮಳೆ' ಮಾಡಿದೆ. ತೋರಿಸಿದ ಮೊದಲನೇ ಗೆಳತಿ, ಮಳೆಗೆ ಹಾಯ್ ಹೇಳುತ್ತಿದ್ದೀಯಾ ಅಂತ ನಕ್ಕಳು. ಅಲ್ಲಿಗೆ ಅದು ಸತ್ತಿತು. 'ಬಿಡುಮಳೆ' ಅಂದರೆ ಬಿಡುವಿನ ಮಳೆಯೋ, ಬಿಡುವ ಮಳೆಯೋ ಗೊತ್ತಾಗುವುದಿಲ್ಲ. 'ಓಡುಮಳೆ' ನನಗೆ ಇಷ್ಟ, ಓಡುವ ಮೋಡದ ಜೊತೆಗೆ ಹೋಗುತ್ತದೆ. ಆದರೆ ನಾನೇ ಕಟ್ಟಿದ ಪದವನ್ನು ನಾನೇ ಮೆಚ್ಚಿದರೆ ಏನು ಬಂತು? 'ಬಿಟ್ಟು ಬಿಟ್ಟು ಮಳೆ' ಎಲ್ಲರಿಗೂ ತಿಳಿಯುತ್ತದೆ, ಆದರೆ ಒಂದು ಪದ ಜಾಸ್ತಿ. ಜೊತೆಗೆ, ಒಂದೇ ಸಲ ಬಂದು ಹೋಗುವ ಮಳೆಗೆ ಅದು ಹೊಂದುವುದಿಲ್ಲ.

ನಿಮ್ಮ ಮನೆಮಾತಿನಲ್ಲಿ, ಅಜ್ಜಿಯ ಬಾಯಲ್ಲಿ, ಹೊಲದ ಕೆಲಸದ ಮಾತಿನಲ್ಲಿ ಇದಕ್ಕೊಂದು ಹೆಸರು ಕೇಳಿದ್ದರೆ ದಯವಿಟ್ಟು ಹೇಳಿ. ಕಟ್ಟಿದ್ದಲ್ಲ, ಕೇಳಿದ್ದು ಬೇಕು. ಜೊತೆಗೆ ಅದನ್ನು ಬಳಸಿ ಅವರು ಆಡಿದ ಒಂದು ವಾಕ್ಯವನ್ನೂ ಬರೆದರೆ ಇನ್ನೂ ಒಳ್ಳೆಯದು. ಸೋಮವಾರದೊಳಗೆ ಪಟ್ಟಿ ಕಳಿಸಬೇಕು. ಅಲ್ಲಿಯವರೆಗೆ ಆ ಚಿತ್ರದ ಕೆಳಗೆ ಬರೀ 'ಮಳೆ' ಅಂತ ಬರೆದಿಟ್ಟಿದ್ದೇನೆ.