ಮನೆಯಲ್ಲೇ ಕುಳಿತು ಬರೆದು ಸಂಪಾದಿಸಬಹುದೇ?: ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ಲೆಕ್ಕಪತ್ರ ವಿಭಾಗದಲ್ಲಿ ಐದು ವರ್ಷ ದುಡಿದು, ಮಗುವಾದ ಮೇಲೆ ಕೆಲಸ ಬಿಟ್ಟ ಗೃಹಿಣಿ ನಾನು. ಹೊಲಿಗೆ ಚೆನ್ನಾಗಿ ಬರುತ್ತದೆ, ಓದು ಬರಹದ ಹವ್ಯಾಸವೂ ಇದೆ. ದಿನಕ್ಕೆ ಎರಡು ಮೂರು ಗಂಟೆ ಬಿಡುವು ಸಿಗುತ್ತದೆ. ಆನ್‌ಲೈನ್ ಜಾಹೀರಾತೊಂದನ್ನು ನಂಬಿ ಟೈಪಿಂಗ್ ಕೆಲಸಕ್ಕೆ ನೋಂದಣಿ ಶುಲ್ಕ ಕಟ್ಟಿ, ಗುರುತಿನ ಚೀಟಿಯ ಪ್ರತಿಯನ್ನೂ ಕಳುಹಿಸಿದೆ. ಈಗ ಕೆಲಸದಲ್ಲಿ ತಪ್ಪುಗಳಿವೆ, ದಂಡ ಕಟ್ಟಿ ಎನ್ನುತ್ತಿದ್ದಾರೆ. ಇನ್ನೊಂದು ಕಡೆ ಮಾದರಿಗೆಂದು ನಾಲ್ಕು ಲೇಖನ ಬರೆಸಿಕೊಂಡವರು ಆಮೇಲೆ ಉತ್ತರವನ್ನೇ ಕೊಡಲಿಲ್ಲ. ಬರವಣಿಗೆಯಿಂದ ಸಂಪಾದನೆ ನಿಜವಾಗಿ ಸಾಧ್ಯವೇ, ಇಲ್ಲವೇ ಈ ಆಸೆಯನ್ನೇ ಬಿಡಬೇಕೇ?

ಇನ್ನು ಒಂದು ಪೈಸೆಯನ್ನೂ ಕಟ್ಟಬೇಡಿ

ಸೋದರಿ, ನಿಮ್ಮ ಪತ್ರ ಓದುವಾಗ ನನ್ನದೇ ಕಥೆಯನ್ನು ಇನ್ನೊಬ್ಬರು ಬರೆದಂತೆ ಅನ್ನಿಸಿತು. ನನಗೂ ಸ್ಕ್ಯಾನ್ ಮಾಡಿದ ಮಸುಕು ಪುಟಗಳನ್ನು ರಾಶಿಯಾಗಿ ಕಳುಹಿಸಿ, ಹತ್ತು ದಿನಗಳೊಳಗೆ ಟೈಪ್ ಮಾಡಿಕೊಡಬೇಕು, ಶೇ 98ರಷ್ಟು ನಿಖರತೆ ಇರಬೇಕು ಎಂಬ ಕರಾರಿಗೆ ಸಹಿ ಹಾಕಿಸಿಕೊಂಡಿದ್ದರು. ನಿದ್ದೆಗೆಟ್ಟು ಮುಗಿಸಿಕೊಟ್ಟ ಮರುದಿನವೇ ನಿಖರತೆ ಸಾಲದು ಎಂಬ ಉತ್ತರ ಬಂತು. ಯಾವ ಪುಟದ ಯಾವ ಸಾಲಿನಲ್ಲಿ ತಪ್ಪಾಗಿದೆ ಎಂದು ಎಷ್ಟು ಕೇಳಿದರೂ ತೋರಿಸಲಿಲ್ಲ. ಬದಲಿಗೆ ವಕೀಲರ ಹೆಸರಿನಲ್ಲಿ ಮೊಬೈಲಿಗೆ ನೋಟಿಸ್ ಬಂತು. ಮನೆಯವರಿಗೆ ಹೇಳಲು ನಾಚಿಕೆಯಾಗಿ, ಹೆದರಿಕೊಂಡು ದಂಡ ಕಟ್ಟಿದೆ. ಕಟ್ಟಿದ ವಾರದೊಳಗೆ ಇನ್ನೊಂದು ದಂಡ ಕೇಳಿದರು.

ಅಚ್ಚಾದ ಪುಟವನ್ನು ಅಕ್ಷರಗಳಾಗಿ ಪರಿವರ್ತಿಸುವ ಓಸಿಆರ್ ತಂತ್ರಾಂಶ ಎಂದೋ ಬಂದಿದೆ, ಅದನ್ನು ಉಚಿತವಾಗಿಯೇ ಬಳಸಬಹುದು ಎಂಬುದು ನನಗೆ ಆಮೇಲೆ ತಿಳಿಯಿತು. ಹಾಗಿರುವಾಗ ಅಪರಿಚಿತರ ಕೈಯಲ್ಲಿ ಆ ಪುಟಗಳನ್ನು ಟೈಪ್ ಮಾಡಿಸುವ ಅಗತ್ಯ ಅವರಿಗೆ ಇರಲೇ ಇಲ್ಲ. ಶುಲ್ಕ ಮತ್ತು ದಂಡವೇ ಅವರ ವ್ಯಾಪಾರವಾಗಿತ್ತು. ಆದ್ದರಿಂದ ದಯವಿಟ್ಟು ಇನ್ನು ಹಣ ಕಟ್ಟಬೇಡಿ. ಜಾಹೀರಾತು, ಸಂದೇಶಗಳು, ಹಣ ಕಳುಹಿಸಿದ ರಸೀದಿ ಇವೆಲ್ಲವನ್ನೂ ಅಳಿಸದೆ ಜೋಪಾನವಾಗಿಟ್ಟುಕೊಂಡು ಇಂದೇ ಬ್ಯಾಂಕಿಗೆ ತಿಳಿಸಿ, ಸೈಬರ್ ಅಪರಾಧ ವಿಭಾಗಕ್ಕೆ ದೂರು ಕೊಡಿ. ನೋಟಿಸಿನ ಬಗ್ಗೆ ಅಳುಕಿದ್ದರೆ ಪರಿಚಯದ ವಕೀಲರೊಬ್ಬರಿಗೆ ತೋರಿಸಿ. ನಿಮ್ಮ ಗುರುತಿನ ಚೀಟಿ ಅವರ ಕೈಯಲ್ಲಿರುವುದರಿಂದ, ನಿಮ್ಮ ಹೆಸರಿನಲ್ಲಿ ನಿಮಗೆ ತಿಳಿಯದ ಸಾಲವೋ ಖಾತೆಯೋ ಹುಟ್ಟಿಕೊಂಡಿದೆಯೇ ಎಂದು ಕೆಲವು ತಿಂಗಳು ಗಮನಿಸುತ್ತಿರಿ. ಮುಖ್ಯವಾಗಿ, ಮನೆಯವರಿಗೆ ಹೇಳಿ. ನಾನು ಮುಚ್ಚಿಟ್ಟದ್ದರಿಂದಲೇ ಎರಡನೆಯ ಸಲವೂ ಹಣ ಕಳೆದುಕೊಂಡೆ.

– ಮೋಸ ಹೋಗಿದ್ದ ಓದುಗ

ನಿಮಗೆ ಗೊತ್ತಿರುವುದೇ ನಿಮ್ಮ ಬಂಡವಾಳ

ಹನ್ನೊಂದು ವರ್ಷಗಳಿಂದ ಮನೆಯಲ್ಲೇ ಕುಳಿತು ಅನ್ಯರಿಗಾಗಿ ಬರೆಯುತ್ತಿದ್ದೇನೆ. ಅದರಿಂದ ಸಂಪಾದಿಸುತ್ತಲೂ ಇದ್ದೇನೆ. ಹಾಗಾಗಿ ಸಾಧ್ಯವೇ ಎಂಬ ನಿಮ್ಮ ಪ್ರಶ್ನೆಗೆ ಸಾಧ್ಯ ಎಂದೇ ಉತ್ತರಿಸುತ್ತೇನೆ. ಆದರೆ ಮೊದಲ ಆರೇಳು ತಿಂಗಳು ಈ ಹಣವನ್ನು ನಂಬಿ ಮನೆಯ ಯಾವ ಖರ್ಚನ್ನೂ ಹಮ್ಮಿಕೊಳ್ಳಬೇಡಿ. ನನ್ನ ಮೊದಲ ಲೇಖನಕ್ಕೆ ಹಣ ಬಂದದ್ದು ಬರೆಯಲು ಕುಳಿತ ನಾಲ್ಕನೆಯ ತಿಂಗಳಲ್ಲಿ.

ನಿಮ್ಮ ಪತ್ರದಲ್ಲಿ ನೀವೇ ಲಕ್ಷ್ಯ ಕೊಡದೆ ದಾಟಿಹೋದ ಎರಡು ಸಂಗತಿಗಳಿವೆ: ಐದು ವರ್ಷದ ಲೆಕ್ಕಪತ್ರದ ಅನುಭವ ಮತ್ತು ಹೊಲಿಗೆ. ಓದುವ ಬರೆಯುವ ಹವ್ಯಾಸ ಲಕ್ಷಾಂತರ ಜನರಿಗಿದೆ, ಅದಷ್ಟನ್ನೇ ನೋಡಿ ಯಾರೂ ಕೆಲಸ ಕೊಡುವುದಿಲ್ಲ. ಒಂದು ವಿಷಯವನ್ನು ಕೈಯಾರೆ ಬಲ್ಲವರು ಬರೆದ ಬರಹಕ್ಕೂ ನಾಲ್ಕು ಕಡೆ ಓದಿ ಹೊಂದಿಸಿದ ಬರಹಕ್ಕೂ ಇರುವ ಅಂತರ ಓದುಗನಿಗೆ ಎರಡೇ ಸಾಲಿನಲ್ಲಿ ತಿಳಿದುಬಿಡುತ್ತದೆ. ಹೊಲಿಗೆ ಯಂತ್ರವನ್ನೇ ನೋಡಿ. ಬಟ್ಟೆಯ ಅಡಿಭಾಗದಲ್ಲಿ ದಾರ ಗುಪ್ಪೆಗುಪ್ಪೆಯಾಗಿ ಗಂಟು ಕಟ್ಟಿಕೊಂಡರೆ, ಹೊಲಿಯಲು ಬಾರದ ಲೇಖಕ 'ಬಾಬಿನ್ (ಕೆಳಗಿನ ದಾರದ ಸುರುಳಿ) ಪರೀಕ್ಷಿಸಿ' ಎಂದು ಬರೆಯುತ್ತಾನೆ, ಏಕೆಂದರೆ ಗಂಟು ಕಾಣುವುದು ಕೆಳಗೆ. ಆದರೆ ತಪ್ಪು ಬಹುತೇಕ ಮೇಲಿನ ದಾರದಲ್ಲಿರುತ್ತದೆ: ಬಟ್ಟೆಯನ್ನು ಒತ್ತಿಹಿಡಿಯುವ ಪ್ರೆಸರ್ ಫೂಟನ್ನು ಎತ್ತದೆ ದಾರ ಪೋಣಿಸಿದರೆ ಅದು ದಾರವನ್ನು ಬಿಗಿಹಿಡಿಯುವ ಟೆನ್ಷನ್ ತಟ್ಟೆಗಳ ನಡುವೆ ಸರಿಯಾಗಿ ಕೂರದೆ, ಬಿಗಿಯಿಲ್ಲದೆ ಕೆಳಗಿಳಿದು ಗಂಟಾಗುತ್ತದೆ. ಇದು ನಿಮಗೆ ಗೊತ್ತಿರುತ್ತದೆ. ಇದನ್ನೇ ಎಂಟುನೂರು ಪದಗಳಲ್ಲಿ, ಹೊಸದಾಗಿ ಹೊಲಿಯಲು ಕುಳಿತವರಿಗೆ ಅರ್ಥವಾಗುವಂತೆ ಬರೆದರೆ ಅದೇ ನಿಮ್ಮ ಮೊದಲ ಮಾದರಿ ಲೇಖನ. ಸಣ್ಣ ಅಂಗಡಿಯವರು ನಗದು ಪುಸ್ತಕವನ್ನು ಬ್ಯಾಂಕ್ ಸ್ಟೇಟ್‌ಮೆಂಟ್‌ನೊಂದಿಗೆ ತಾಳೆ ನೋಡುವುದು ಹೇಗೆ ಎಂಬುದು ಎರಡನೆಯದಾಗಲಿ. ಇಂಥ ಮೂರು ಬರಹಗಳನ್ನು ವರ್ಡ್‌ಪ್ರೆಸ್‌ನಂತಹ ಬ್ಲಾಗ್ ತಾಣದಲ್ಲಿ ನಿಮ್ಮ ಹೆಸರಿನಲ್ಲೇ ಪ್ರಕಟಿಸಿಟ್ಟುಕೊಂಡರೆ, ಮುಂದೆ ಮಾದರಿ ಕೇಳಿದವರಿಗೆ ಅದರ ಕೊಂಡಿಯನ್ನು ಕಳುಹಿಸಬಹುದು. ಉಚಿತವಾಗಿ ಹೊಸ ಲೇಖನ ಬರೆದುಕೊಡುವ ಪ್ರಮೇಯವೇ ಬರುವುದಿಲ್ಲ.

ಬಿಡಿ ಕೆಲಸ ಕೊಡುವವರನ್ನೂ ಮಾಡುವವರನ್ನೂ ಕೂಡಿಸುವ ಅಪ್‌ವರ್ಕ್, ಫೈವರ್‌ನಂತಹ ತಾಣಗಳ ಬಗ್ಗೆ ಕೇಳಿರುತ್ತೀರಿ. ಫೈವರ್ 2010ರಲ್ಲಿ ಶುರುವಾಯಿತು. ಈಲ್ಯಾನ್ಸ್ ಮತ್ತು ಓಡೆಸ್ಕ್ ಎಂಬ ಎರಡು ತಾಣಗಳು ವಿಲೀನಗೊಂಡು 2015ರಲ್ಲಿ ಅಪ್‌ವರ್ಕ್ ಎಂಬ ಹೆಸರು ಪಡೆದವು. ಇಲ್ಲಿಯೂ ಹಣ ಹೋಗುತ್ತದೆ, ಆದರೆ ಹೋಗುವ ರೀತಿ ಬೇರೆ. ಫೈವರ್ ನಮ್ಮ ಸಂಪಾದನೆಯಲ್ಲಿ ಶೇ 20ನ್ನು ಹಿಡಿದುಕೊಳ್ಳುತ್ತದೆ. ಅಪ್‌ವರ್ಕ್ ತನ್ನ ಪಾಲು ಹಿಡಿಯುವುದರ ಜೊತೆಗೆ, ಕೆಲಸಕ್ಕೆ ಅರ್ಜಿ ಹಾಕಲು ಬೇಕಾಗುವ 'ಕನೆಕ್ಟ್ಸ್' ಎಂಬ ಟೋಕನ್‌ಗಳನ್ನೂ ಮಾರುತ್ತದೆ. ಯಾರೋ ಖಾಸಗಿಯಾಗಿ ಸಂದೇಶ ಕಳುಹಿಸಿ ಕೇಳುವ 'ನೋಂದಣಿ ಶುಲ್ಕ'ಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೆನಪಿರಲಿ. ಈ ತಾಣಗಳ ದೊಡ್ಡ ಅನುಕೂಲವೆಂದರೆ ಎಸ್ಕ್ರೋ: ಕೆಲಸ ಕೊಡುವವರು ಮುಂಚಿತವಾಗಿಯೇ ಹಣವನ್ನು ತಾಣದ ವಶಕ್ಕೆ ಒಪ್ಪಿಸಿರುತ್ತಾರೆ. ಅಪ್‌ವರ್ಕ್‌ನ ನಿಗದಿತ ಮೊತ್ತದ ಕೆಲಸಗಳಲ್ಲಿ ನಾವು ಬರಹ ಒಪ್ಪಿಸಿದ 14 ದಿನಗಳೊಳಗೆ ಅವರು ಏನೂ ಹೇಳದಿದ್ದರೆ ಹಣ ತಾನಾಗಿ ನಮಗೆ ಬಿಡುಗಡೆಯಾಗುತ್ತದೆ. ಅದಕ್ಕಾಗಿಯೇ ಮೋಸಗಾರರು 'ತಾಣದ ಹೊರಗೆ ಬನ್ನಿ, ನೇರವಾಗಿ ಮಾತನಾಡೋಣ' ಎಂದು ಮೊದಲ ದಿನವೇ ಕರೆಯುತ್ತಾರೆ. ಹೋಗಬೇಡಿ, ಹೋದರೆ ಆ ರಕ್ಷಣೆ ಉಳಿಯುವುದಿಲ್ಲ.

ಇನ್ನು ದರದ ಮಾತು. ಪದಕ್ಕೆ ಇಷ್ಟು ಎಂದು ಹೇಳಿದ ಕೂಡಲೇ ನಾವು ಪದಗಳನ್ನು ಗುಣಿಸಿ ಸಂತೋಷಪಡುತ್ತೇವೆ. ನಾನು ಮೊದಲ ವರ್ಷ ಮಾಡಿದ ತಪ್ಪು ಅದೇ. ಸಾವಿರ ಪದದ ಲೇಖನಕ್ಕೆ ಓದಿಗೆ ಎರಡು ಗಂಟೆ, ಬರೆಯಲು ಮೂರು, ತಿದ್ದುಪಡಿಗೆ ಒಂದು ಎಂದು ಒಟ್ಟು ಆರು ಗಂಟೆ ಹಿಡಿಯುತ್ತಿತ್ತು. ಬಂದ ಹಣವನ್ನು ಆರರಿಂದ ಭಾಗಿಸಿ ನೋಡಿದ ದಿನ ಕಣ್ಣಲ್ಲಿ ನೀರು ಬಂತು. ಅಂದಿನಿಂದ ಗೊತ್ತಿರುವ ವಿಷಯಗಳನ್ನೇ ಹಿಡಿದೆ, ಓದಿನ ಸಮಯ ಅರ್ಧಕ್ಕಿಳಿಯಿತು, ದರ ಹೆಚ್ಚಿಸಿ ಕೇಳುವ ಧೈರ್ಯವೂ ಬಂತು. ಎಷ್ಟು ಸಲ ತಿದ್ದಿಕೊಡುತ್ತೀರಿ ಎಂಬುದನ್ನೂ ಮೊದಲೇ ಬರೆದು ಒಪ್ಪಿಸಿಕೊಳ್ಳಿ; ಎರಡು ಸಲ ಸಾಕು. ನೀವು ಲೆಕ್ಕ ಬಲ್ಲವರು, ಈ ವಿಷಯದಲ್ಲಿ ನನಗಿಂತ ಬೇಗ ಎಚ್ಚರಗೊಳ್ಳುತ್ತೀರಿ.

– ಬರವಣಿಗೆಯನ್ನೇ ಉದ್ಯೋಗ ಮಾಡಿಕೊಂಡ ಓದುಗಿ

ಬರಹ ತರಿಸಿಕೊಳ್ಳುವವರ ಕಡೆಯಿಂದ

ಸಂಸ್ಥೆಯೊಂದಕ್ಕಾಗಿ ಹೊರಗಿನ ಬರಹಗಾರರಿಂದ ಲೇಖನ ತರಿಸಿ ತಿದ್ದಿ ಸಿದ್ಧಪಡಿಸುವುದು ನನ್ನ ಕೆಲಸ. ನಿಮ್ಮಿಂದ ನಾಲ್ಕು ಲೇಖನ ಬರೆಸಿಕೊಂಡು ಸುಮ್ಮನಾದದ್ದು ತಪ್ಪು. ಈ ಕೆಲಸ ಮಾಡುವವನಾಗಿ ಅದನ್ನು ಓದಿ ನನಗೆ ಬೇಸರವಾಯಿತು. ಪರೀಕ್ಷೆಗೆ ಒಂದು ಬರಹ ಕೇಳುವುದುಂಟು, ಆದರೆ ನ್ಯಾಯವಾಗಿ ನಡೆಯುವ ಕಡೆ ಅದಕ್ಕೂ ಹಣ ಕೊಡುತ್ತಾರೆ, ಇಲ್ಲವೇ ಒಂದು ಪ್ಯಾರಾದಲ್ಲಿ ಮುಗಿಸುತ್ತಾರೆ. ಆ ನಾಲ್ಕು ಲೇಖನಗಳು ಈಗಲೂ ನಿಮ್ಮವೇ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಒಪ್ಪಂದವಾದ ಬರ್ನ್ ಒಪ್ಪಂದದ ಮೂಲತತ್ವದಂತೆ, ಬರೆದ ಕ್ಷಣದಿಂದಲೇ ಹಕ್ಕು ಬರೆದವರದು, ಯಾವ ನೋಂದಣಿಯೂ ಬೇಕಿಲ್ಲ. ಬಹುಪಾಲು ದೇಶಗಳು ಇದನ್ನು ಒಪ್ಪಿವೆ. ನೀವು ಹಕ್ಕನ್ನು ಬಿಟ್ಟುಕೊಟ್ಟು ಸಹಿ ಹಾಕಿರದಿದ್ದರೆ ಅವನ್ನು ಬೇರೆಯವರಿಗೆ ಕೊಡಲು, ನಿಮ್ಮ ಮಾದರಿಗಳಾಗಿ ಪ್ರಕಟಿಸಲು ಅಡ್ಡಿಯಿಲ್ಲ. ಅವರು ತಮ್ಮ ಹೆಸರಿನಲ್ಲಿ ಪ್ರಕಟಿಸಿಕೊಂಡಿದ್ದಾರೆಯೇ ಎಂದು ತಿಳಿಯಲು ನಿಮ್ಮ ಲೇಖನದ ಒಂದು ವಿಶಿಷ್ಟ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಗೂಗಲ್‌ನಲ್ಲಿ ಹುಡುಕಿ ನೋಡಿ.

ಇನ್ನೊಂದು ಸಂಗತಿಯನ್ನು ಯಾರೂ ಹೇಳದೆ ಬಿಡಬಾರದು. ಪುಟ ತುಂಬಿಸಲೆಂದೇ ಅಗ್ಗದ ದರಕ್ಕೆ ಬರೆಸಿಕೊಳ್ಳುತ್ತಿದ್ದ ತಾಣಗಳಿಗೆ ಮೊದಲ ಪೆಟ್ಟು ಬಿದ್ದದ್ದು 2011ರಲ್ಲಿ, ಗೂಗಲ್ ತನ್ನ ಪಾಂಡಾ ಬದಲಾವಣೆಯಿಂದ ಕಳಪೆ ಪುಟಗಳನ್ನು ಹುಡುಕಾಟದಲ್ಲಿ ಹಿಂದಕ್ಕೆ ತಳ್ಳಿದಾಗ. 2022ರ ನವೆಂಬರಿನಲ್ಲಿ, ಕೇಳಿದ್ದನ್ನು ತಾನೇ ಬರೆದುಕೊಡುವ ಚಾಟ್‌ಜಿಪಿಟಿ ಬಂದ ಮೇಲೆ ಅಂಥ ಬರಹವನ್ನು ಮನುಷ್ಯರಿಂದ ಬರೆಸುವ ಅಗತ್ಯವೇ ಅನೇಕರಿಗೆ ಉಳಿಯಲಿಲ್ಲ. ಆದ್ದರಿಂದ 'ಯಾವ ವಿಷಯವಾದರೂ ಬರೆಯುತ್ತೇನೆ' ಎಂಬ ಅರ್ಜಿಯನ್ನು ನಾನು ಈಗ ಪೂರ್ತಿ ಓದುವುದೂ ಇಲ್ಲ. ಹೊಲಿಗೆಯ ಬಗ್ಗೆ, ಲೆಕ್ಕದ ಬಗ್ಗೆ ಬರೆಯುತ್ತೇನೆ ಎಂದವರಿಗೆ ಅಂದೇ ಉತ್ತರ ಬರೆಯುತ್ತೇನೆ. ಯಂತ್ರದಿಂದ ಬರೆಸಿ ಕಳುಹಿಸುವ ಮೋಹಕ್ಕೆ ಬೀಳಬೇಡಿ. ಅದು ಇಲ್ಲದ ಸಂಗತಿಯನ್ನೂ ಇರುವಂತೆಯೇ ನಿರಾಯಾಸವಾಗಿ ಹೇಳುತ್ತದೆ, ಸಿಕ್ಕಿಬಿದ್ದಾಗ ಹೋಗುವುದು ನಿಮ್ಮ ಹೆಸರು. ಹಾಗೆಯೇ, ನೀವೇ ಬರೆದದ್ದನ್ನು ಯಂತ್ರದ್ದೆಂದು ಆರೋಪಿಸುವ ಪ್ರಸಂಗವೂ ಬರಬಹುದು. ಇದನ್ನು ಪತ್ತೆಹಚ್ಚುವ ಸಾಧನಗಳು ಎಷ್ಟು ನಂಬಲಾಗದವೆಂದರೆ, ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆ ತಾನೇ ಹೊರತಂದಿದ್ದ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಗೂಗಲ್ ಡಾಕ್ಸ್‌ನಲ್ಲಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ಬರಹ ಹಂತಹಂತವಾಗಿ ಬೆಳೆದ ಇತಿಹಾಸ ಅಲ್ಲಿ ಉಳಿದಿರುತ್ತದೆ, ಪ್ರಶ್ನಿಸಿದವರಿಗೆ ಅದನ್ನೇ ತೋರಿಸಬಹುದು.

– ಸಂಪಾದನಾ ವಿಭಾಗದ ಓದುಗ

ಆ ಎರಡು ಗಂಟೆ

ಮೇಲಿನವರೆಲ್ಲ ಕೆಲಸದ ಬಗ್ಗೆ ಬರೆದಿರುತ್ತಾರೆ, ನಾನು ಮನೆಯ ಬಗ್ಗೆ ಎರಡು ಮಾತು ಹೇಳುತ್ತೇನೆ. ಇಬ್ಬರು ಮಕ್ಕಳ ತಾಯಿಯಾಗಿ ನಾನೂ ಹೀಗೆಯೇ ಶುರು ಮಾಡಿದವಳು. ದಿನಕ್ಕೆ ಎರಡು ಮೂರು ಗಂಟೆ ಎಂದು ಬರೆದಿದ್ದೀರಿ, ಆದರೆ ಅದು ಒಂದೇ ಸಮನೆ ಸಿಗುವ ಎರಡು ಗಂಟೆಯೇ ಅಥವಾ ಹತ್ತು ಹತ್ತು ನಿಮಿಷದ ಚೂರುಗಳೇ ಎಂದು ಒಂದು ವಾರ ಗುರುತು ಹಾಕಿಕೊಂಡು ನೋಡಿ. ನನ್ನದು ಚೂರುಗಳಾಗಿತ್ತು. ಚೂರುಗಳಲ್ಲಿ ಟಿಪ್ಪಣಿ ಮಾಡಿಕೊಳ್ಳಬಹುದು, ಕಾಗುಣಿತ ತಿದ್ದಬಹುದು, ಬಾಕಿ ಹಣ ನೆನಪಿಸಿ ಪತ್ರ ಬರೆಯಬಹುದು. ಹೊಸ ಲೇಖನವನ್ನು ಮಾತ್ರ ಬರೆಯಲಾಗುವುದಿಲ್ಲ. ಬೆಳಿಗ್ಗೆ ಮಕ್ಕಳು ಏಳುವ ಮುಂಚಿನ ಒಂದೂವರೆ ಗಂಟೆಯನ್ನು ಬರೆಯುವುದಕ್ಕೇ ಮೀಸಲಿಟ್ಟ ಮೇಲೆ ನನ್ನ ಕೆಲಸ ಗಡುವಿನೊಳಗೆ ಮುಗಿಯತೊಡಗಿತು. 'ಮನೆಯಲ್ಲೇ ಇದ್ದೀಯಲ್ಲ' ಎನ್ನುವವರು ಆ ಹೊತ್ತಿಗೆ ಇನ್ನೂ ಎದ್ದಿರುವುದಿಲ್ಲ. ಗಡುವು ಒಪ್ಪಿಕೊಳ್ಳುವಾಗ ನಿಮಗೆ ಮೂರು ದಿನ ಸಾಕೆನಿಸಿದರೆ ಐದು ದಿನ ಕೇಳಿ, ಏಕೆಂದರೆ ಮಗುವಿಗೆ ಜ್ವರ ಬರುವುದು ನಮ್ಮ ಗಡುವು ನೋಡಿಕೊಂಡಲ್ಲ. ಹೊಲಿಗೆ ಯಂತ್ರದ ಬಗ್ಗೆ ನೀವು ಬರೆದರೆ ನನಗೂ ತಿಳಿಸಿ; ನನ್ನ ಯಂತ್ರದಲ್ಲಿ ದಾರ ತುಂಡಾಗುತ್ತಲೇ ಇರುತ್ತದೆ, ಕಾರಣ ಇನ್ನೂ ಗೊತ್ತಾಗಿಲ್ಲ.

– ಬೆಳಗಿನ ಹೊತ್ತು ಬರೆಯುವ ಓದುಗಿ