ಫೈಬರ್ ಸ್ಟ್ರೇನ್ ಸೆನ್ಸರ್: ನಿಮ್ಮ ಪ್ರಶ್ನೆ, ಎಂಜಿನಿಯರ್ ಉತ್ತರ

ವಿದ್ಯಾರ್ಥಿ: ಮೇಡಂ, ಗಾಜಿನ ಎಳೆಯಿಂದ ಸ್ಟ್ರೇನ್, ಅಂದರೆ ವಸ್ತು ಎಷ್ಟು ಹಿಗ್ಗಿದೆ ಅನ್ನುವುದನ್ನು, ಅಳೆಯುವುದು ಹೇಗೆ?

ಎಂಜಿನಿಯರ್: ಫೈಬರ್ ಒಳಗೆ ಬ್ರಾಗ್ ಗ್ರೇಟಿಂಗ್, ಅಂದರೆ ಸಮಾನ ಅಂತರದ ಅತಿ ಸಣ್ಣ ಗೆರೆಗಳ ಸಾಲು, ಬರೆದಿರುತ್ತಾರೆ. ಅದು ಒಂದೇ ತರಂಗಾಂತರದ ಬೆಳಕನ್ನು ವಾಪಸ್ ಕಳಿಸುತ್ತದೆ. ಎಳೆ ಹಿಗ್ಗಿದರೆ ಆ ತರಂಗಾಂತರ ಜಾರುತ್ತದೆ. 1550 ನ್ಯಾನೋಮೀಟರ್ ಹತ್ತಿರ, ಒಂದು ಮೈಕ್ರೋಸ್ಟ್ರೇನ್‌ಗೆ (ಉದ್ದದ ಹತ್ತು ಲಕ್ಷದಲ್ಲಿ ಒಂದು ಪಾಲು ಹಿಗ್ಗಿದರೆ) ಸುಮಾರು 1.2 ಪಿಕೋಮೀಟರ್.

ಫ್ಯಾಕ್ಟರಿ ಮೆಂಟೆನೆನ್ಸ್: ಲೋಡ್ ಇಲ್ಲದಿದ್ದರೂ ಮಧ್ಯಾಹ್ನ ರೀಡಿಂಗ್ ಏರುತ್ತದೆ. ಯಾಕೆ?

ಎಂಜಿನಿಯರ್: ಬಿಸಿ. ಬರೀ ಫೈಬರ್‌ನಲ್ಲೇ ಡಿಗ್ರಿಗೆ ಸುಮಾರು 10 ಪಿಕೋಮೀಟರ್ ಜಾರುತ್ತದೆ. ಉಕ್ಕಿಗೆ ಅಂಟಿಸಿದ್ದರೆ ಹೆಚ್ಚುಕಮ್ಮಿ 24, ಉಕ್ಕೂ ಹಿಗ್ಗುತ್ತದಲ್ಲ. ಪಕ್ಕದಲ್ಲೇ ಎಳೆತ ತಾಗದ ಹಾಗೆ ಇನ್ನೊಂದು ಗ್ರೇಟಿಂಗ್ ಇಟ್ಟು ಕಳೆಯಿರಿ. ಉಕ್ಕು ತಾನಾಗಿ ಹಿಗ್ಗುವ ಪಾಲನ್ನು ಬೇರೆಯಾಗಿ ಲೆಕ್ಕ ಹಾಕಿ.

ಸದಸ್ಯ 1: ಇಂಟರ್ನೆಟ್ ಕೇಬಲ್ ಅನ್ನೇ ಗೋಡೆಗೆ ಅಂಟಿಸಿದರೆ ಆಗಲ್ವಾ?

ಎಂಜಿನಿಯರ್: ಲೂಸ್ ಟ್ಯೂಬ್ ಕೇಬಲ್ ಆದರೆ ಆಗಲ್ಲ. ಒಳಗಿನ ಫೈಬರ್‌ಗೆ ಎಳೆತ ತಾಗದಿರಲಿ ಅಂತಲೇ ಅದನ್ನು ಸಡಿಲ ಬಿಟ್ಟಿರುತ್ತಾರೆ.

ಸೇತುವೆ ಉಸ್ತುವಾರಿ: ಮೇಡಂ, ಕಾಂಕ್ರೀಟ್ ಗರ್ಡರ್ (ಸೇತುವೆಯ ತೊಲೆ) ತಳದಲ್ಲಿ ಗ್ರೇಟಿಂಗ್‌ಗಳ ಸಾಲು ಇದೆ. ನಡುವಿನ ಒಂದು ಮಾತ್ರ ಬಿಸಿಯ ಪಾಲು ಕಳೆದ ಮೇಲೂ 310 ಮೈಕ್ರೋಸ್ಟ್ರೇನ್ ತೋರಿಸುತ್ತಿದೆ, ಇಳಿಯುತ್ತಿಲ್ಲ. ವಾಪಸ್ ಬರುವ ಬೆಳಕಿನ ಪೀಕ್ (ಗ್ರಾಫಿನ ಶಿಖರ) ಎರಡಾಗಿ ಸೀಳಿದೆ. ಸೆನ್ಸರ್ ಹಾಕಿದವರು ಅಂಟು ಸಡಿಲವಾಗಿದೆ, ಕಿತ್ತು ಹೊಸದು ಹಾಕೋಣ ಅಂತಾರೆ.

ಎಂಜಿನಿಯರ್: ದಯವಿಟ್ಟು ಕೀಳಬೇಡಿ. ಇದು ನನಗೆ ಗಾಬರಿ ಹುಟ್ಟಿಸುತ್ತಿದೆ. ಎಳೆತದಲ್ಲಿರುವ ಅಂಟು ಸಡಿಲವಾದರೆ ಫೈಬರ್‌ಗೆ ತಲುಪುವ ಎಳೆತ ಕಡಿಮೆಯಾಗಬೇಕು, ರೀಡಿಂಗ್ ಮೆಲ್ಲಗೆ ಇಳಿಯಬೇಕು. ನಿಮ್ಮದು ಏರಿ ನಿಂತಿದೆ. ಕಾಂಕ್ರೀಟ್ ಎಳೆತದಲ್ಲಿ ಸಾಮಾನ್ಯವಾಗಿ 100–150 ಮೈಕ್ರೋಸ್ಟ್ರೇನ್‌ಗೇ ಬಿರಿಯುತ್ತದೆ. ಗ್ರೇಟಿಂಗ್ ಉದ್ದ ಹೆಚ್ಚಾಗಿ ಒಂದು ಸೆಂಟಿಮೀಟರ್ ಅಷ್ಟೇ. ಅದರ ಅಡಿಯಲ್ಲೇ ಬಿರುಕು ಹಾದರೆ ಅರ್ಧ ಭಾಗ ಜಾಸ್ತಿ ಹಿಗ್ಗುತ್ತದೆ, ಅರ್ಧ ಹಾಗೇ ಇರುತ್ತದೆ, ಪೀಕ್ ಸೀಳುತ್ತದೆ. ಗಟ್ಟಿ ಅಂಟು ಚಳಿಯಲ್ಲಿ ಕುಗ್ಗಿ ಫೈಬರನ್ನು ಪಕ್ಕದಿಂದ ಹಿಂಡಿದರೂ ಸೀಳಬಹುದು. ಗುರುತಿಸುವುದು ಹೀಗೆ: ಸೀಳು ಚಳಿಗೆ ಅಗಲವಾಗುತ್ತದೋ, ಭಾರದ ವಾಹನ ಹಾದಾಗ ಅಗಲವಾಗುತ್ತದೋ? ಎರಡನೆಯದಾದರೆ ಬಿರುಕಿನ ಅನುಮಾನ ಬಲವಾಗುತ್ತದೆ. ಸಾಫ್ಟ್‌ವೇರ್ ಕೊಡುವ ಒಂದೇ ಸಂಖ್ಯೆಯನ್ನು ನಂಬಬೇಡಿ, ಅದು ಎತ್ತರದ ಪೀಕನ್ನು ಹಿಡಿದು ಒಂದರಿಂದ ಇನ್ನೊಂದಕ್ಕೆ ಹಾರುತ್ತಿರಬಹುದು. ಪೂರ್ತಿ ಸ್ಪೆಕ್ಟ್ರಮ್, ಅಂದರೆ ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅನ್ನುವ ಗ್ರಾಫ್, ಉಳಿಸಿಕೊಳ್ಳಿ. ಇವತ್ತೇ ಗರ್ಡರ್ ಕೆಳಗೆ ಹೋಗಿ ಕಣ್ಣಾರೆ ನೋಡಿ. ಸ್ಟ್ರಕ್ಚರಲ್ ಎಂಜಿನಿಯರ್‌ಗೆ ಈಗಲೇ ಫೋನ್ ಮಾಡಿ.

ಸದಸ್ಯ 2: ಇನ್ನೊಂದು ಗ್ರೂಪ್‌ನಲ್ಲಿ ಬಂದದ್ದು: “ಪೀಕ್ ಸೀಳಿದರೆ ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮೇಲೆ ಫೆವಿಕ್ವಿಕ್ ಹಚ್ಚಿ, ಸರಿಹೋಗುತ್ತದೆ.”

ಎಂಜಿನಿಯರ್: ಮಾಡಬೇಡಿ. ಬಿಸಿಗೆ ಅಂಟು ಮೆತ್ತಗಾಗಿ ಪೀಕ್ ಕೂಡಿಕೊಳ್ಳಬಹುದು, ಆದರೆ ಬಿರುಕು ಹಾಗೇ ಇರುತ್ತದೆ. ಎಚ್ಚರಿಸುತ್ತಿದ್ದ ಒಂದೇ ಸೆನ್ಸರ್‌ನ ಬಾಯಿ ಮುಚ್ಚಿಸಿದಂತೆ. ಫಾರ್ವರ್ಡ್ ಮಾಡುವ ಮುನ್ನ ಯೋಚಿಸಿ.

ಸದಸ್ಯ 2: ನಾನು ಸುಮ್ನೆ ಕೇಳಿದೆ ಅಷ್ಟೇ.

ಸದಸ್ಯ 3: ಇದಕ್ಕೇ ನಾನು ಬ್ರಿಲುವಾ ವಿಧಾನ ಹಾಕಿ ಅನ್ನೋದು. ಫೈಬರ್ ಉದ್ದಕ್ಕೂ ಚದುರಿ ವಾಪಸ್ ಬರುವ ಬೆಳಕಿನಿಂದ ಅಳೆಯುತ್ತದೆ, ಗ್ರೇಟಿಂಗ್ ಬೇಡ. ಇಡೀ ಫೈಬರೇ ಸೆನ್ಸರ್, ಹತ್ತಾರು ಕಿಲೋಮೀಟರ್ ಅಳೆಯಬಹುದು.

ಸದಸ್ಯ 4: ಸಾಮಾನ್ಯ ಬ್ರಿಲುವಾ ಸುಮಾರು ಒಂದು ಮೀಟರಿನ ಸರಾಸರಿ ಕೊಡುತ್ತದೆ. ಬಿರುಕು ಎಲ್ಲಿ ಸಿಗುತ್ತದೆ?

ಸದಸ್ಯ 3: ಲೆಕ್ಕ ಹಾಕಿ. 0.2 ಮಿಲಿಮೀಟರ್ ಬಿರುಕು ಒಂದು ಮೀಟರಿನಲ್ಲಿ ಹರಡಿದರೂ 200 ಮೈಕ್ರೋಸ್ಟ್ರೇನ್. ಕಾಣದೇ ಇರುತ್ತಾ?

ಸದಸ್ಯ 4: ಕಂಡೀತು. ಆ ಮೀಟರಿನೊಳಗೆ ಎಲ್ಲಿದೆ ಅಂತ ಹೇಳಿ ನೋಡೋಣ. ಮಿಲಿಮೀಟರ್ ಮಟ್ಟದ ವಿವರ ಬೇಕಾದರೆ ರೇಲೀ ಚದುರಿಕೆ ಇದೆ, ಅದೂ ಚದುರಿದ ಬೆಳಕಿನಿಂದಲೇ ಅಳೆಯುವ ಇನ್ನೊಂದು ವಿಧಾನ.

ಸದಸ್ಯ 3: ಅದು ಅಳೆಯುವ ಉದ್ದ ಹತ್ತಾರು ಮೀಟರ್. ಇಡೀ ಸೇತುವೆಗೆ ಸಾಕಾ? ನೀವು ಸೈಟ್ ನೋಡೇ ಇಲ್ಲ ಅನಿಸುತ್ತೆ.

ಎಂಜಿನಿಯರ್: ಈ ವಾದ ಬೇರೆ ಕಡೆ ಮಾಡಿ. ಇಲ್ಲಿ ಒಂದು ಗರ್ಡರ್ ಪ್ರಶ್ನೆ ಇದೆ.

ಸದಸ್ಯ 5: ಯಾವ ಕಂಪನಿಯ ಇಂಟರಾಗೇಟರ್ (ಸೆನ್ಸರ್‌ನ ಬೆಳಕನ್ನು ಓದುವ ಯಂತ್ರ) ಒಳ್ಳೆಯದು?

ಸದಸ್ಯ 6: ಫೈಬರ್ ಮೇಲೆ ಅಕ್ರಿಲೇಟ್ ಲೇಪನವೋ, ಪಾಲಿಇಮೈಡೋ?

ಎಂಜಿನಿಯರ್: ಪಾಲಿಇಮೈಡ್. ಅಕ್ರಿಲೇಟ್ ಮೆದು, ಎಳೆತ ಪೂರ್ತಿ ದಾಟಿಸಲ್ಲ.

ಸದಸ್ಯ 7: ಮನೆಗೆ ಬಂದಿರುವ ಇಂಟರ್ನೆಟ್ ಫೈಬರ್ ನಡೆಯುತ್ತಾ?

ಎಂಜಿನಿಯರ್: ಮೇಲೆ ಓದಿ.

ಸದಸ್ಯ 7: ಒಂದು ಸಾಲು ಬರೆದರೆ ಏನು ಹೋಗುತ್ತೆ ಮೇಡಂ?

ಎಂಜಿನಿಯರ್: ಬರೆದಿದ್ದೇನೆ, ಮೇಲೆ. ಸೇತುವೆ ಉಸ್ತುವಾರಿಯವರೇ, ಏನಾಯಿತು?

ಸೇತುವೆ ಉಸ್ತುವಾರಿ: ಲಾರಿ ಹಾದಾಗಲೆಲ್ಲ ಸೀಳು ಅಗಲವಾಗುತ್ತಿದೆ. ಸೆನ್ಸರ್ ಪಕ್ಕ ಕೂದಲೆಳೆಯ ಗೆರೆಯೂ ಕಾಣುತ್ತಿದೆ. ಸ್ಟ್ರಕ್ಚರಲ್ ಎಂಜಿನಿಯರ್ ಹೊರಟಿದ್ದಾರೆ.

ಎಂಜಿನಿಯರ್: ಅವರು ನೋಡುವ ತನಕ ಭಾರದ ಲಾರಿ ನಿಲ್ಲಿಸಲು ಮೇಲಿನವರನ್ನು ಕೇಳಿ. ಗೆರೆಯ ಎರಡೂ ತುದಿಗೆ ಗುರುತು ಹಾಕಿ, ದಿನಾಂಕ ಬರೆಯಿರಿ. ಸ್ಪೆಕ್ಟ್ರಮ್ ಫೈಲ್ ನನಗೂ ಕಳಿಸಿ.