ಸಹಾಯ ಬೇಕು: ತಮ್ಮನ ರೆಸ್ಯೂಮ್ ಯಾರಾದರೂ ಒಮ್ಮೆ ನೋಡ್ತೀರಾ?

ಎಲ್ಲರಿಗೂ ನಮಸ್ಕಾರ. ನಾವು ಬೆಳಗಾವಿಯವರು. ನನ್ನ ತಮ್ಮ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಎರಡು ವರ್ಷ ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಮಷೀನ್ ನಡೆಸಿದ್ದಾನೆ. ಈಗ ಪುಣೆ, ಬೆಂಗಳೂರು ಕಡೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಕೆಲಸಕ್ಕೆ ಆನ್‌ಲೈನಿನಲ್ಲಿ ಅರ್ಜಿ ಹಾಕುತ್ತಿದ್ದಾನೆ. ಮೂರು ತಿಂಗಳಲ್ಲಿ 60ಕ್ಕೂ ಜಾಸ್ತಿ. ಯಾವ ಕಂಪನಿಯಿಂದಲೂ ಒಂದು ಫೋನ್ ಬಂದಿಲ್ಲ. ಅವನ ಮುಖ ನೋಡೋಕೆ ಆಗುತ್ತಿಲ್ಲ.

ನಿನ್ನೆ ರಾತ್ರಿ ಅವನ ಪಿಡಿಎಫ್ ರೆಸ್ಯೂಮನ್ನು ನೋಟ್‌ಪ್ಯಾಡಿಗೆ ಕಾಪಿ ಮಾಡಿ ನೋಡಿದೆ. ಎರಡು ಕಾಲಂನಲ್ಲಿ ಇದ್ದದ್ದೆಲ್ಲ ಕಲಸಿಹೋಗಿ, ಫೋನ್ ನಂಬರಿನ ನಡುವೆ ‘ವರ್ನಿಯರ್, ಮೈಕ್ರೋಮೀಟರ್’ ಅಂತ ಅಳತೆ ಉಪಕರಣಗಳ ಹೆಸರು ಬಂದು ಕೂತಿತ್ತು. ದೊಡ್ಡ ಕಂಪನಿಗಳಲ್ಲಿ ಎಷ್ಟೋ ಕಡೆ ರೆಸ್ಯೂಮನ್ನು ಮೊದಲು ಸಾಫ್ಟ್‌ವೇರೇ ಓದುತ್ತದೆ. ಅದಕ್ಕೂ ಹೀಗೇ ಕಂಡಿರಬೇಕು, ಅಲ್ವಾ? ಜೊತೆಗೆ, ಯಂತ್ರಭಾಗಗಳ ಡ್ರಾಯಿಂಗ್ ಓದಲು ಬರುತ್ತದೆ ಅನ್ನೋದನ್ನು ಅವನು ಬರೆದೇ ಇರಲಿಲ್ಲ. ಎಲ್ಲವನ್ನೂ ಒಂದೇ ಕಾಲಂನಲ್ಲಿ ಮತ್ತೆ ಟೈಪ್ ಮಾಡಿದ್ದೇನೆ.

ಪ್ರತಿ ಜಾಹೀರಾತಿನಲ್ಲಿರುವ ಪದ ನೋಡಿಕೊಂಡು ರೆಸ್ಯೂಮ್ ಬದಲಿಸಬೇಕಾ? ಒಂದು ಪುಟ ಸಾಕಾ? ಎಚ್‌ಆರ್ ಕೆಲಸ ಮಾಡಿದವರು ಯಾರಾದರೂ ಹತ್ತು ನಿಮಿಷ ಕೊಟ್ಟರೆ ಕಳಿಸುತ್ತೇನೆ. ರಿಜಿಸ್ಟ್ರೇಷನ್ ಫೀ ಕೇಳುವವರು ದಯವಿಟ್ಟು ಬೇಡ. ಹೋದ ವಾರ ಒಬ್ಬರು 2,500 ರೂಪಾಯಿ ಕೇಳಿದರು, ಕೊಡಲಿಲ್ಲ.